ಹಡಗಿನ ಹನ್ನೆರಡನೇ ಆಳು

ಕುಬಿಹಾಳ
೧೦ ಮಾರ್ಚ್ ೨೦೨೪, ರವಿವಾರ

ಪ್ರೀತಿಯ ದೋಸ್ತ ಗೌರೀಶ,

ನಿಮ್ಮ ಮನಿಯ ಶರಣಾರ್ಥಿ, ನಮ್ಮ ಮನಿಯ ಜೈಭೀಮ, ಎರಡೂ ಕೂಡಿಸಿ ಕಳಸಾಕತ್ತೇನಿ. ಯಾವುದು ಬೇಕೋ ಅದನ್ನ ಮೊದಲ ತಗೋ. ನಾನು, ದುರ್ಗಾ, ಅವ್ವ ಎಲ್ಲಾರೂ ಆರಾಮ ಅದೇವಿ. ಅವ್ವಗ ಎಪ್ಪತ್ತೆಂಟು ತುಂಬಿದ್ರೂ ಅಂಗಳ ತಾನ ಕಸ ಹೊಡೀತಾಳ. ಬ್ಯಾಡವ್ವ ಅಂದ್ರ ಕಸಬರಗಿ ಎತ್ತಿ ನಮಗ ತೋರಸತಾಳ.

ಹೊಸ ವರ್ಷಕ್ಕ ನೀ ಬರದು ಕಳಿಸಿದ ಕಾರ್ಡು ಜನವರಿ ನಾಕಕ್ಕ ಮುಟ್ಟಿತು. ಇವತ್ತಿಗೆ ಎರಡು ತಿಂಗಳ ಮ್ಯಾಲಾತು. ನೀ ಅಣ್ಣಿಗೇರಿ ಸಾಲಿಗೆ ಚಿತ್ರದ ಮಾಸ್ತರ ಆಗಿ ಹೋದಾಗಿಂದ ವರ್ಷಾ ತಪ್ಪದ ಕಾರ್ಡು ಕಳಸತಿ, ನಾನು ವಾರದೊಳಗ ಉತ್ತರ ಬರೀತೀನಿ. ಈ ಸಲ ತಪ್ಪಿದೆ. ಮನ್ಸಿನ್ಯಾಗ ಇಟಗೋಬ್ಯಾಡ. ಕಡ್ಲಿ ಹೂವು ಉಗುರಿನಷ್ಟೂ ಇರೂದಿಲ್ಲ, ಅದರ ಆ ನೇರಳಿ ಬಣ್ಣ ನೀರಬಣ್ಣದಾಗ ಹೆಂಗ ಹಿಡದಿ ಮಾರಾಯಾ? ದುರ್ಗಾ ಅದನ್ನ ತನ್ನ ಅಂಗನವಾಡಿಗೆ ಒಯ್ದಿದ್ಲು. ಒಂದು ಸಣ್ಣ ಹುಡುಗಿ ಕಾರ್ಡಿಗೆ ಬಾಯಿ ಹಾಕಿ ಹೂವು ತಿನ್ನಾಕ ಹೋತಂತ. ಇದಕ್ಕಿಂತ ದೊಡ್ಡ ಶಹಬ್ಬಾಸಗಿರಿ ಯಾವ ಚಿತ್ರಗಾರಗೂ ಸಿಗೂದಿಲ್ಲ ನೋಡು.

ಫೋನ್ ಮಾಡಬಹುದಿತ್ತು. ಎರಡು ಸಲ ನಂಬರ್ ಒತ್ತಿ, ರಿಂಗ್ ಆಗೂದ್ರೊಳಗ ಇಟ್ಟುಬಿಟ್ಟೆ. ಫೋನಿನ್ಯಾಗ ನಾವಿಬ್ಬರೂ ಮಳಿ ಬೆಳಿ ಮಾತಾಡಿ ಮುಗಿಸಿಬಿಡತೀವಿ. ಈ ಸುದ್ದಿ ನಿನಗ ಕುಂತು ಬರೀಬೇಕು ಅನ್ನಿಸ್ತು. ಅದಕ್ಕಿಂತ ಮೊದಲ ಕೈಯಾಗಿನ ಒಂದು ಚಿತ್ರ ಮುಗೀಬೇಕಿತ್ತು. ಅದು ಮೊನ್ನೆ ಶುಕ್ರವಾರ ಮನಿ ಸೇರಿತು. ಇವತ್ತ ಕೈ ತೊಳಕೊಂಡು ಪೆನ್ನು ಹಿಡದೇನಿ.

ಹುಬ್ಬಳ್ಳಿ ಸುನಿತಾ ಮೇಡಮ್ಮರ ಅಂಗಡಿಗೆ ನಾ ಹಡಗಿನ ಚಿತ್ರ ಬರಿಯಾಕ ಹತ್ತಿ ಹತ್ತೊಂಬತ್ತು ವರ್ಷಾತು. ಎರಡು ನೂರು ಮುನ್ನೂರು ವರ್ಷದ ಹಿಂದ ಬಿಳಿ ಮಂದಿ ಬರದ ಚಿತ್ರಗಳು, ಸಮುದ್ರದಾಗ ಹಡಗಿನ ಲಡಾಯಿ, ಬಂದರಿನ್ಯಾಗ ನಿಂತ ಹಡಗು, ಬಿರುಗಾಳಿಗೆ ಸಿಕ್ಕ ಹಡಗು. ಮೇಡಮ್ಮರು ಫೋಟೋ ಕಳಸತಾರ, ನಾ ಅದನ್ನ ಕ್ಯಾನ್ವಾಸಿನ ಮ್ಯಾಲೆ ಎಣ್ಣಿಬಣ್ಣದಾಗ ಕೈಲೆ ನಕಲು ಮಾಡತೀನಿ. ಗೋವಾದ ಹೊಟೆಲ್ಲು, ಮುಂಬಯಿ ಹಡಗು ಕಂಪನಿ ಆಫೀಸು, ಎಲ್ಲೆಲ್ಲಿಗೋ ಹೋಗತಾವ. ಊರ ಮಂದಿಗೆ ಇದು ಇನ್ನೂ ನಗಿಯ ವಿಷಯ. ಕೆರಿ ಬಿಟ್ಟು ಬ್ಯಾರೆ ನೀರ ನೋಡದ ಯಲ್ಲೇಶ ಸಮುದ್ರ ಬರೀತಾನ ಅಂತಾರ.

ಆದ್ರ ಆ ಬಾಗಲಾ ತಗದವ ನೀನು. ಫ್ಲೆಕ್ಸ್ ಬ್ಯಾನರ್ ಬಂದು ನನ್ನ ಬೋರ್ಡ್ ಬರಿಯೋ ಕೆಲಸ ನಿಂತಾಗ, ಮನ್ಯಾಗ ಕುಂತಬಿಟ್ಟಿದ್ದೆ. ನೀ ಬಂದು ನಾ ಬರದ ಎರಡು ಚಿತ್ರ ಸೈಕಲ್ಲಿಗೆ ಕಟ್ಟಿ ಕುಂದಗೋಳಕ್ಕ ಒಯ್ದು, ಅಲ್ಲಿಂದ ಬಸ್ಸಿನ್ಯಾಗ ಹುಬ್ಬಳ್ಳಿಗೆ ಒಯ್ದು ಮೇಡಮ್ಮರಿಗೆ ತೋರಿಸಿ ಬಂದಿ. ದೇವರ ಚಿತ್ರಕ್ಕ ಒಬ್ಬರಿದ್ರು, ಹೂವಿಗೆ ಒಬ್ಬರಿದ್ರು. ಹಡಗು ಯಾರಿಗೂ ಬ್ಯಾಡಾಗಿತ್ತು, ಯಾಕಂದ್ರ ಅದಕ್ಕ ನೂರಾರು ಹಗ್ಗ, ಒಂದೊಂದೂ ಕೂದಲೆಳಿಯಂಥ ಗೆರಿ. ಬೋರ್ಡ್ ಬರದ ಕೈಗೆ ಗೆರಿ ಎಳಿಯೋದು ತ್ರಾಸಲ್ಲ ಅಂತ ನೀ ಅವರಿಗೆ ಹೇಳಿದಿ. ಅದ ಮಾತಿನ ಮ್ಯಾಲೆ ಹತ್ತೊಂಬತ್ತು ವರ್ಷ ನನ್ನ ಮನಿ ನಡದೈತಿ.

ಅದಕ್ಕೂ ಹಿಂದಿಂದು ಮರತಿಲ್ಲ. ನೀ ಧಾರವಾಡಕ್ಕ ಚಿತ್ರಕಲಾ ಸಾಲಿಗೆ ಹೋದಿ, ನಾ ಟ್ರ್ಯಾಕ್ಟರಿಗೆ ಹೆಸರ ಬರಿಯಾಕ ಹೋದೆ. ಪ್ರತಿ ಶನಿವಾರ ಸಂಜಿಕೆ ಊರಿಗೆ ಬಂದು ಹಳ್ಳ ದಾಟೂ ಪೂಲಿನ ಕಟ್ಟಿ ಮ್ಯಾಲೆ ಕುಂತು, ಆ ವಾರ ನಿಮ್ಮ ಮಾಸ್ತರು ಹೇಳಿದ್ದಷ್ಟೂ ನನಗ ತಿರುಗಿ ಹೇಳತಿದ್ದಿ. ನೆಳ್ಳು ಹೆಂಗ ಬೀಳತೈತಿ, ದೂರಿಂದು ಹೆಂಗ ಮಬ್ಬಾಗತೈತಿ, ನೀಲಿ ಯಾವಾಗ ತಣ್ಣಗ ಯಾವಾಗ ಬೆಚ್ಚಗ. ಐದು ವರ್ಷ ಒಂದು ಶನಿವಾರನೂ ತಪ್ಪಿಸಲಿಲ್ಲ. ಸರ್ಟಿಫಿಕೇಟ್ ನಿನಗ ಬಂತು, ಸಾಲಿ ನಾನೂ ಕಲ್ತೆ. ಇದನ್ನ ಬಾಯಿಬಿಟ್ಟು ನಿನಗೆಂದೂ ಹೇಳಿಲ್ಲ. ಈಗ ಹೇಳೇನಿ.

ಇರಲಿ, ಸುದ್ದಿಗೆ ಬರತೀನಿ.

ಹೋದ ನವೆಂಬರದಾಗ ಮೇಡಮ್ಮರು ಒಂದು ಆರ್ಡರ್ ಕೊಟ್ರು. ಗಿರಾಕಿ ನಮ್ಮ ಕಡಿಯವರ, ಮಿಶ್ರಿಕೋಟಿಯವರು. ಸಿದ್ಧಾರೂಢ ಅಂತ ಹೆಸರು. ನಲವತ್ತು ವರ್ಷ ಹಡಗಿನ್ಯಾಗ ಕೆಲಸ ಮಾಡಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಮಿಶ್ರಿಕೋಟಿಯಿಂದ ಒಬ್ಬರು ಹಡಗಿನ ಕ್ಯಾಪ್ಟನ್ ಆಗ್ಯಾರ ಅಂದ್ರ ನಾನೂ ಮೊದಲ ನಂಬಲಿಲ್ಲ. ಅವರು ಕೊಟ್ಟ ಫೋಟೋ ಅಂಗೈಯಷ್ಟು ಅಗಲ, ಕರಿ ಬಿಳಿ, ಐವತ್ತು ವರ್ಷ ಹಳೇದು. ಮೂರು ಕಂಬದ ಹಾಯಿಹಡಗು, ಎಡಕ್ಕ ಕಪ್ಪು ಮಾಡ, ಬಿರುಗಾಳಿ ಇನ್ನೇನು ಬಂದ ಬಿಡತು ಅನ್ನೂದ್ರೊಳಗ ಆಳುಗಳು ಅಡ್ಡತೊಲಿ ಮ್ಯಾಲೆ ಹತ್ತಿ ಹಾಯಿ ಸುತ್ತಾಕತ್ತಾರ. ಆ ಅಡ್ಡತೊಲಿ ಅಂದ್ರ ಕಂಬಕ್ಕ ಅಡ್ಡ ಕಟ್ಟಿದ ಮರ, ಹಾಯಿ ಅದಕ್ಕ ಜೋತಬಿದ್ದಿರತೈತಿ. ಫೋಟೋದ ಬಲಗಡಿ ಮೂರನೇ ಪಾಲು ಹಸಿ ಹಿಡದು ಕಂದು ಕಲಿ ಆಗಿತ್ತು. ಅಲ್ಲೇನೈತಿ ಅಂತ ದೇವರಿಗೇ ಗೊತ್ತು.

ನಾಕು ಫೂಟು ಅಗಲದ ಕ್ಯಾನ್ವಾಸು ತಗೊಂಡು ಆರು ವಾರ ದುಡದೆ. ಕಂಡಷ್ಟೂ ಆಳು ಎಣಿಸಿದೆ, ಹನ್ನೊಂದು. ಜೋಳದ ಕಾಳಿನಷ್ಟು ದೊಡ್ಡವು, ಹನ್ನೊಂದನ್ನೂ ಬರದೆ. ಕಲಿ ಇದ್ದ ಕಡಿ ಮೊದಲ ನಾ ನಕಲು ಮಾಡಿದ್ದ ಇನ್ನೊಂದು ಚಿತ್ರದಿಂದ ಕಂಬ, ಹಾಯಿ, ನಿಶಾನಿ ತಂದು ಕೂಡಿಸಿದೆ. ಕೂಡಿಸಿದ್ದು ತಿಳಿಯಾಕಿಲ್ಲ ಅಂತ ಭಾಳ ಖುಷಿ ಇತ್ತು. ಡಿಸೆಂಬರ್ ಇಪ್ಪತ್ತಕ್ಕ ಹುಬ್ಬಳ್ಳಿಗೆ ಕೊಟ್ಟು ಬಂದೆ.

ವಾರ ಆಗೂದ್ರೊಳಗ ಮೇಡಮ್ಮರ ಫೋನ್.

"ಯಲ್ಲೇಶ, ಚಿತ್ರ ವಾಪಸ್ ಬಂದೈತಿ."

"ಯಾಕ್ರಿ ಮೇಡಂ? ಬಣ್ಣ ಹಸಿ ಇತ್ತೇನ್ರಿ?"

"ಚೀಟಿ ಬರದಾರ. ಈ ಹಡಗ ಅರ್ಧ ತಾಸಿನ್ಯಾಗ ಮುಳಗತೈತಿ ಅಂತ."

ಹತ್ತೊಂಬತ್ತು ವರ್ಷದಾಗ ನನ್ನ ಒಂದು ಚಿತ್ರನೂ ವಾಪಸ್ ಬಂದಿದ್ದಿಲ್ಲ ಗೌರೀಶ. ಮೇಡಮ್ಮರು ಬೈಯಲಿಲ್ಲ. "ವಯಸ್ಸಾದವರು, ಸ್ವಲ್ಪ ಹಟಮಾರಿ ಅದಾರ. ನಿನಗ ಆಗದಿದ್ರ ಹೇಳು, ಬ್ಯಾರೆಯವರಿಗೆ ಕೊಡತೀನಿ" ಅಂದ್ರು. ಬೈದಿದ್ರ ಬೇಷಿತ್ತು. ಬ್ಯಾರೆಯವರಿಗೆ ಅನ್ನೋ ಮಾತು ಎದಿಗೆ ನಟ್ಟಿತು. ಚಿತ್ರ ತಂದು ಶೆಡ್ಡಿನ್ಯಾಗ ಗ್ವಾಡಿ ಕಡಿ ಮಾರಿ ಮಾಡಿ ಇಟ್ಟೆ. ಎರಡು ದಿನ ಬ್ರಷ್ ಮುಟ್ಟಲಿಲ್ಲ.

ಮೂರನೇ ದಿನ ಅವ್ವ ಶೆಡ್ಡಿಗೆ ಬಂದ್ಲು. ನಿನಗ ಗೊತ್ತಲ್ಲ, ನನ್ನ ಬಣ್ಣಕ್ಕ ಹಾಕೋ ಅಗಸಿ ಎಣ್ಣಿ ವಾಸನಿ ಅಂದ್ರ ಅಕಿಗೆ ಹಸಿವಾಗತೈತಿ, ಚಟ್ನಿ ನೆನಪಾಗತೈತಿ. ಚಿತ್ರ ತಿರುಗಿಸಿ ನೋಡಿದ್ಲು. ಭಾಳ ಹೊತ್ತು ನೋಡಿದ್ಲು.

"ಯಲ್ಯಾ, ಇದೇನೋ? ಈ ಬಟ್ಟಿ ಆ ಕಡಿ ಹಾರಾಕತ್ತೈತಿ, ಆ ಬಟ್ಟಿ ಈ ಕಡಿ ಹಾರಾಕತ್ತೈತಿ. ನಿಮ್ಮ ಸಮುದ್ರದಾಗ ಗಾಳಿ ಎರಡು ಕಡಿಂದ ಬರತೈತೇನು?"

ನೋಡಿದೆ. ಎಡಕಿನ ಎರಡು ಕಂಬದ ನಿಶಾನಿ ಬಲಕ್ಕ ಹಾರಾಕತ್ತಿದ್ವು. ನಾ ಬ್ಯಾರೆ ಚಿತ್ರದಿಂದ ತಂದು ಕೂಡಿಸಿದ ಮೂರನೇ ಕಂಬದ ನಿಶಾನಿ ಎಡಕ್ಕ. ಆರು ವಾರ ಮೂಗು ಹಚ್ಚಿ ಕುಂತವಗ ಕಂಡಿದ್ದಿಲ್ಲ. ಮೂವತ್ತು ವರ್ಷ ಮಂದಿ ಕಣದಾಗ ಜೋಳ ತೂರಿದಾಕಿಗೆ ಬಾಗಲದಾಗ ನಿಂತು ಕಂಡುಬಿಡ್ತು. ನನಗ ನಗಿನೂ ಬಂತು, ಅಳೂನೂ ಬಂತು.

ತಿದ್ದಬೇಕು ಅನ್ನೂದ್ರೊಳಗ, ಅವತ್ತ ಮಧ್ಯಾಹ್ನ ಒಂದು ಬಿಳಿ ಕಾರು ನಮ್ಮ ಓಣಿಗೆ ಬಂತು. ಕ್ಯಾಪ್ಟನ್ ಸಾಹೇಬ್ರು, ಅವರ ಹೆಂಡತಿ ಮಲ್ಲಕ್ಕನವರು. ಮೇಡಮ್ಮರ ಕಡಿಂದ ವಿಳಾಸ ತಗೊಂಡು ತಾವ ಬಂದಿದ್ರು. ಸಾಹೇಬ್ರು ಎತ್ತರದ ಆಳು, ಎಪ್ಪತ್ತನಾಕು ವಯಸ್ಸು, ಕೈಯಾಗ ಕೋಲು. ಮಲ್ಲಕ್ಕನವರು ರಟ್ಟಿ ಹಿಡದು ಹೊಚ್ಚಲಾ ದಾಟಿಸಿದ್ರು. ಆವಾಗ ತಿಳೀತು, ಅವರಿಗೆ ಕಣ್ಣು ಮಂಜಾಗ್ಯಾವ. ಕೊಳವಿ ಒಳಗಿಂದ ನೋಡಿದಂಗ ನಡುವಿಂದಷ್ಟ ಕಾಣತೈತಿ, ಆ ಕೊಳವಿನೂ ದಿನಾ ಸಣ್ಣಾಗಾಕತ್ತೈತಿ ಅಂತ. ಈ ವರ್ಷ ದಾಟಿ ಕಣ್ಣು ಉಳಿಯೂದು ಕಠಿಣ ಅಂತ ಡಾಕ್ಟರ್ ಹೇಳ್ಯಾರ.

ಅವ್ವ ಬಾಗಲ ಮರಿಯಾಗ ನಿಂತಿದ್ಲು. ನೀರ ಕೊಡಲೋ ಬ್ಯಾಡೋ ಅಂತ ಅಕಿಗೆ ಯಾವಾಗ್ಲೂ ಅನುಮಾನ. ಮಲ್ಲಕ್ಕನವರು ತಾವ ಕೇಳಿದ್ರು, "ಯಕ್ಕಾ, ದಾರ್ಯಾಗ ಬಾಯಿ ಒಣಗೈತಿ, ಒಂದು ತಂಬಿಗಿ ನೀರು ಕೊಡ್ರಿ. ಆಮ್ಯಾಲೆ ಚಾನೂ ಮಾಡ್ರಿ, ನಮ್ಮ ಸಾಹೇಬ್ರು ಚಾ ಇಲ್ಲದ ಮಾತಾಡೂದಿಲ್ಲ." ಅವ್ವ ಒಳಗ ಓಡಿದ್ಲು ನೋಡು, ಹುಡುಗಿಗತೆ.

ನಾ ಕೈ ಮುಗಿದು, "ಸಾಹೇಬ್ರ, ತಪ್ಪು ನಂದ. ಗಾಳಿ ಎರಡು ಕಡಿಂದ ಬಂದೈತಿ" ಅಂದೆ.

ಅವರು ಹುಬ್ಬೇರಿಸಿದ್ರು. "ಯಾರು ಹೇಳಿದ್ರು?"

"ನಮ್ಮ ಅವ್ವ."

"ಅವ್ವಾರು ಹಡಗು ನೋಡ್ಯಾರ?"

"ಜೋಳ ತೂರ್ಯಾರ್ರಿ."

ಸಾಹೇಬ್ರು ಕೋಲು ಊರಿ ಎದ್ದ ಬಿಟ್ರು. "ಎಲ್ಲಿ, ಅವರನ್ನ ಕರೀರಿ."

ಅವ್ವ ಚಾದ ಕಪ್ಪು ಹಿಡಕೊಂಡು ಬಂದ್ಲು. ಸಾಹೇಬ್ರು ಅಕಿನ್ನ ಅಂಗಳಕ್ಕ ಕರಕೊಂಡು ಹೋದ್ರು. "ಅವ್ವಾರ, ಈಗ ಗಾಳಿ ಎತ್ತಲಾಗಿಂದ ಐತಿ ಹೇಳ್ರಿ" ಅಂದ್ರು.

ಅವತ್ತ ಗಾಳಿ ಅಂಥಾದ್ದೇನೂ ಇರಲಿಲ್ಲ ಗೌರೀಶ. ಎಲಿ ಅಲಗಾಡತಿದ್ದಿಲ್ಲ. ಅವ್ವ ಸೆರಗು ಸರಿಸಿ ಕಿವಿ ಬಯಲು ಮಾಡಿಕೊಂಡು, ಕಣ್ಣು ಮುಚ್ಚಿ, ಮೆಲ್ಲಕ ತಲಿ ತಿರುಗಿಸಿದ್ಲು. ಬಾಜುಕ ಸಾಹೇಬ್ರೂ ಟೋಪಿ ತಗದು ಕಣ್ಣು ಮುಚ್ಚಿ ತಲಿ ತಿರುಗಿಸಾಕತ್ರು. ಇಬ್ಬರೂ ಒಂದ ಕಡಿ ಬಂದು ನಿಂತ್ರು. ಮೂಡಣಕ್ಕ, ಸ್ವಲ್ಪ ಬಡಗಣಕ್ಕ ವಾಲಿ. ಒಂದ ಸಲಕ್ಕ ಕಣ್ಣು ತಗದ್ರು.

"ಹೆಂಗ ತಿಳೀತ್ರಿ?" ಅಂದ್ರು ಸಾಹೇಬ್ರು.

"ಎರಡೂ ಕಿವಿಗೆ ಸಮ ಬಡಿಯೂ ತನಕ ತಿರಗಬೇಕ್ರಿ. ಸಮ ಬಡದ್ರ ಗಾಳಿ ಎದುರ ನಿಂತಂಗ. ಆಮ್ಯಾಲೆ ಅದಕ್ಕ ಅಡ್ಡ ನಿಂತು ಮೊರ ಎತ್ತಿ ತೂರಬೇಕು. ಇಲ್ಲಾಂದ್ರ ಹೊಟ್ಟು ಕಣ್ಣಾಗ."

ಸಾಹೇಬ್ರು ಬಾಯಿ ತಗದು ನಕ್ರು. "ನನಗ ಇದನ್ನ ಕಲಸಾಕ ಒಬ್ಬ ಮುದುಕ ಕ್ಯಾಪ್ಟನ್ ನನ್ನ ಕಿವಿ ಎರಡೂ ಹಿಂಡಿದ್ದ ಅವ್ವಾರ. ನಿಮಗ ಯಾರು ಕಲಿಸಿದ್ರು?"

"ಯಾರು ಕಲಸತಾರ್ರಿ? ಸಂಜಿಮಟ ರಾಶಿ ಮುಗಿಸಬೇಕಿತ್ತು, ಅದ ಕಲಿಸ್ತು."

ಆ ಅಂಗಳದಾಗ ಇಬ್ಬರೂ ಒಂದು ತಾಸು ಗಾಳಿ ಸುದ್ದಿ ಮಾತಾಡಿದ್ರು. ಗಾಳಿ ಬೀಳೂ ಮುಂದ ಹೆಂಗ ಉಸಿರು ಹಿಡೀತೈತಿ, ಮಳಿಗಾಳಿ ಬರೂ ಮುಂದ ಮೊದಲ ತಣ್ಣಂದು ಒಂದು ಎಳಿ ಹೆಂಗ ಬಂದು ಹೋಗತೈತಿ. ಅಕಿ ಒಂದು ಹೇಳಿದ್ರ ಅವರು ಹೌದ್ರಿ ಹೌದ್ರಿ ಅನ್ನೋದು, ಅವರು ಒಂದು ಹೇಳಿದ್ರ ಅಕಿ ಅಗದಿ ಖರೇರಿ ಅನ್ನೋದು. ನಾನೂ ಮಲ್ಲಕ್ಕನವರೂ ಕಟ್ಟಿ ಮ್ಯಾಲೆ ಕುಂತು ನೋಡಿದ್ವಿ. "ನನ್ನ ಕೂಡ ಇಷ್ಟು ಮಾತಾಡಿಲ್ಲ ಇವರು" ಅಂದ್ರು ಅವರು. ನನ್ನ ಅವ್ವಗೂ ಒಂದು ವಿದ್ಯಾ ಐತಿ ಅಂತ ನನಗ ಐವತ್ತನಾಕನೇ ವಯಸ್ಸಿಗೆ ಗೊತ್ತಾತು ನೋಡು. ಅಕಿನೂ ಮಾರಿ ಎತ್ತಿ ಕುಂತಿದ್ಲು ಅವತ್ತ.

ಹೊಸ ಕ್ಯಾನ್ವಾಸು ಬಿಗದು ಮೊದಲಿಂದ ಸುರು ಮಾಡಿದೆ. ಸಾಹೇಬ್ರು ಜನವರಿಯಾಗ ನಾಕು ಸಲ ಬಂದ್ರು. ನನ್ನ ತೆರಿಗಳನ್ನ ನೋಡಿ, "ಇವು ತೆರಿ ಅಲ್ಲೋ ಯಲ್ಲೇಶ, ಎರಿ ಹೊಲದಾಗ ಬಲರಾಮ ನೇಗಿಲಾ ಹೊಡದ ಸಾಲು. ಎಲ್ಲಾ ಒಂದ ಎತ್ತರ" ಅಂದ್ರು. ಖರೇ ಇತ್ತು. ಕಣ್ಣು ತುಂಬಾ ಉತ್ತ ಹೊಲ ನೋಡಿದ ಕೈ ನೀರನ್ನೂ ಉತ್ತುಬಿಟ್ಟಿತ್ತು. ಹತ್ತೊಂಬತ್ತು ವರ್ಷದಾಗ ಎಷ್ಟು ಸಮುದ್ರಾ ಉತ್ತೇನೋ ಏನೋ, ಒಬ್ಬರೂ ಹೇಳಿರಲಿಲ್ಲ. ಅವರು ಎಣ್ಣಿ ಹಚ್ಚಿದ ಬಟ್ಟಿ ಒಂದನ್ನ ನೆಲಕ್ಕ ಹಾಸಿ, ಒಂದು ತುದಿ ಕೊಡವಿ ತೋರಿಸಿದ್ರು. ಗಾಳಿ ಒಂದ ಕಡಿಂದ ನೂಕಿದ್ರ ತೆರಿ ಹೆಂಗ ಒಂದರ ಬೆನ್ನಿಗೆ ಒಂದು ಹತ್ತತೈತಿ, ತಲಿ ಹೆಂಗ ಮುರೀತೈತಿ, ಬಿರುಗಾಳಿ ಮುಟ್ಟೂ ಮೊದಲ ನೀರ ಮ್ಯಾಲೆ ಕರಿ ನೆಳ್ಳು ಹೆಂಗ ಓಡಿ ಬರತೈತಿ. ದಿನಾ ಅರಿವಿ ಕೊಡವಿ ಬರದೆ. ದುರ್ಗಾ ಒಗದ ಸೀರಿ ಹರವೂ ಮುಂದನೂ ನಿಂತು ನೋಡತಿದ್ದೆ. ಬಾಜು ಮನಿಯ ಹನಮವ್ವ ಕಾಕು, ಹೆಂಡತಿ ಮ್ಯಾಲೆ ಈ ವಯಸ್ಸಿನ್ಯಾಗ ಇಷ್ಟು ಮಾಯಾ ಹೆಂಗ ಬಂತು ಅಂತ ಕೇಳಿದ್ಲಂತ.

ಗಾಳಿ ಸರಿ ಆತು, ನೀರು ಸರಿ ಆತು. ಆದ್ರ ಪ್ರತಿ ಸಲ ಬಂದಾಗ ಸಾಹೇಬ್ರು ಚಿತ್ರದ ಬಲಗಡಿ ಮಾರಿ ಹಚ್ಚಿ ಏನೋ ಹುಡಕೋರು. ಹುಡುಕಿ, ಸುಮ್ಮನ ಕುರ್ಚಿಗೆ ಬಂದು ಕುಂದ್ರೋರು. ನಾಕನೇ ಸಲ ನಾ ಕೇಳಿದೆ.

"ಸಾಹೇಬ್ರ, ಅಲ್ಲೇನಿತ್ರಿ?"

ಅವರು ಮಲ್ಲಕ್ಕನವರ ಕಡಿ ಮಾರಿ ತಿರುಗಿಸಿದ್ರು. ಮಲ್ಲಕ್ಕನವರು, "ಹೇಳ್ರಲಾ. ನಲವತ್ತೈದು ವರ್ಷ ನನಗ ಹೇಳೀರಿ, ಬರಿಯೋ ಮನಶಾಗ ಹೇಳಾಕೇನು" ಅಂದ್ರು.

ಆಮ್ಯಾಲೆ ಹೇಳಿದ್ರು. ಹತ್ತೊಂಬತ್ತನೇ ವಯಸ್ಸಿಗೆ ಮುಂಬಯಿಯಾಗ ತರಬೇತಿ ಹಡಗಿಗೆ ಸೇರಿದಾಗ ಇಂಗ್ಲೀಷ್ ಬರತಿರಲಿಲ್ಲ, ಹಿಂದಿ ಬರತಿರಲಿಲ್ಲ. ಹೊಟ್ಟ್ಯಾಗ ಅನ್ನ ನಿಲ್ಲತಿರಲಿಲ್ಲ. ಕೂಡಿದ ಹುಡುಗರು ಇವರ ಮಾತಿಗೆ ನಗತಿದ್ರು. ಊಟದ ಖೋಲಿಯೊಳಗ ಗ್ವಾಡಿ ಮ್ಯಾಲೆ ಈ ಚಿತ್ರ ಇತ್ತು. ಅದರಾಗ ಬಲಗಡಿ ಅಡ್ಡತೊಲಿಯ ಕಟ್ಟಕಡೀ ತುದಿಗೆ ಒಬ್ಬ ಆಳು ಇದ್ದ. ಬ್ಯಾರೆ ಆಳುಗಳೆಲ್ಲಾ ಒಬ್ಬರಿಗೊಬ್ಬರು ಹತ್ತಿ ನಿಂತಿದ್ರು, ಅವ ಒಬ್ಬನ ದೂರ, ಕೆಳಗ ಬರೇ ನೀರು.

"ದಿನಾ ಅವನ ಎದುರು ಕುಂತು ಉಣ್ಣತಿದ್ದೆ. ಇವತ್ತ ಬಿದ್ದಾನೇನೋ ಅಂತ ನೋಡತಿದ್ದೆ. ಬಿದ್ದಿರತಿದ್ದಿಲ್ಲ. ಇವ ಬಿದ್ದಿಲ್ಲ, ನಾನೂ ಇವತ್ತೊಂದು ದಿನ ಬೀಳೂದಿಲ್ಲ ಅಂದುಕೊಂಡು ಎದ್ದು ಕೆಲಸಕ್ಕ ಹೋಗತಿದ್ದೆ. ಹಿಂಗ ಎರಡು ವರ್ಷ. ಆ ಫೋಟೋ ನಾನ ತಗದದ್ದು. ಅವ ಇದ್ದ ಜಾಗಾಕ್ಕ ಹಸಿ ಹಿಡೀತು. ಕಣ್ಣು ಪೂರಾ ಹೋಗೂದ್ರೊಳಗ ಅವನ್ನೊಂದು ಸಲ ನೋಡಬೇಕಿತ್ತು. ಕಾಣದ್ದನ್ನ ಬರೀ ಅಂತ ನಿನಗ ಹೆಂಗ ಹೇಳ್ಲಿ?"

ನಾ ಹನ್ನೊಂದು ಎಣಿಸಿ ಮುಗಿಸಿದ್ದೆ. ಹನ್ನೆರಡನೇದವ ಕಲಿಯ ಒಳಗಿದ್ದ.

"ಹೇಳ್ರಿ ಸಾಹೇಬ್ರ, ನೀವು ಹೇಳಿದಂಗ ಬರೀತೀನಿ" ಅಂದೆ. ಅವರು ಕಣ್ಣು ಮುಚ್ಚಿ ಹೇಳಿದ್ರು. ಕೆಂಪು ಟೊಪ್ಪಿಗಿ. ಎಡಗೈ ಹಗ್ಗಕ್ಕ, ಬಲಗೈ ಹಾಯಿಗೆ. ಕಾಲಕೆಳಗ ಒಂದ ಒಂದು ಹಗ್ಗ. ಉಳಿದವರೆಲ್ಲಾ ಹಾಯಿ ನೋಡಾಕತ್ತಾರ, ಅವ ಒಬ್ಬನ ತಲಿ ಎತ್ತಿ ಬರೂ ಗಾಳಿ ನೋಡಾಕತ್ತಾನ.

ಆ ನಿಲುವು ಬರಿಯಾಕ ನನಗ ಪುಸ್ತಕ ಬೇಕಾಗಲಿಲ್ಲ ಗೌರೀಶ. ನವಲಗುಂದದಾಗ ಹತ್ತಿ ಜಿನ್ನಿನ ಗ್ವಾಡಿಗೆ ಎಪ್ಪತ್ತು ಫೂಟು ಮ್ಯಾಲೆ ಹೆಸರ ಬರಿಯೋ ಮುಂದ ನಾ ಹಂಗ ಜೋತ ಬಿದ್ದಿದ್ದೆ. ಹಗ್ಗ ತುಳದಾಗ ಕಾಲ ಬೆರಳು ಹೆಂಗ ಮಡಚತಾವ, ಹೆಡಕು ಹೆಂಗ ಬಿಗೀತೈತಿ, ಮೈಯಿಗೆ ನೆನಪಿತ್ತು. ಮೂರು ಕೂದಲಿನ ಬ್ರಷ್ ತಗೊಂಡು ಆ ಒಬ್ಬ ಆಳಿಗೆ ನಾಕು ದಿನ ಹಿಡದೆ. ಜೋಳದ ಕಾಳಿಗಿಂತ ತುಸು ದೊಡ್ಡವ, ಅಷ್ಟ.

ಬಣ್ಣ ಆರಿದ ಮ್ಯಾಲೆ ಕುಂದಗೋಳದ ಮುಸರತ್ ಅಂಗಡ್ಯಾಗ ಸಾಗವಾನಿ ಕಟ್ಟು ಹಾಕಿಸಿದೆ. ಮೇಡಮ್ಮರು, "ನೀನ ಒಯ್ದು ಕೊಡು, ನಿನ್ನ ಕೈಲೆ ಆಗಿದ್ದು" ಅಂದ್ರು. ಹುಬ್ಬಳ್ಳಿಯಿಂದ ನಾನೂ ಬರತೀನಿ ಅಂದ್ರು. ಶುಕ್ರವಾರ ಅವ್ವನ್ನ ಕರಕೊಂಡು ಮಿಶ್ರಿಕೋಟಿಗೆ ಹೋದೆ. ಕಿಡಕಿ ಎದುರಿನ ಗ್ವಾಡಿಗೆ ತೂಗಹಾಕಿದ್ವಿ. ಸಾಹೇಬ್ರು ಮೂಗು ಮುಟ್ಟೂ ಹಂಗ ನಿಂತು ಎಡಗಡಿಂದ ಸುರು ಮಾಡಿದ್ರು. ಮಾಡ, ನೀರು, ಮೊದಲನೇ ಕಂಬ. ಕೊಳವಿ ಒಳಗಿಂದ ನೋಡೋರಿಗೆ ನಾಕು ಫೂಟು ದಾಟಾಕ ಭಾಳ ಹೊತ್ತು ಬೇಕು. ಎರಡನೇ ಕಂಬ. ಮೂರನೇದು. ಅಡ್ಡತೊಲಿ ಗುಂಟ ಬೆರಳು ಮುಟ್ಟದಂಗ ಗಾಳ್ಯಾಗ ಒಯ್ದ್ರು. ತುದಿಗೆ ಬಂದು ಬೆರಳು ನಿಂತಿತು.

"ಅದಾನ" ಅಂದ್ರು. ತಿರುಗಿ ಮಲ್ಲಕ್ಕನವರ ಕೈ ಹಿಡಕೊಂಡು, "ಮಲ್ಲೀ, ಬಿದ್ದಿಲ್ಲ. ಅದಾನ" ಅಂದ್ರು.

ಮಲ್ಲಕ್ಕನವರು ಸೆರಗು ಬಾಯಿಗೆ ಹಚ್ಚಿಕೊಂಡು ಒಳಗ ಹೋದ್ರು. ಅವ್ವನೂ ಅವರ ಹಿಂದ ಹೋದ್ಲು. ಅಡಗಿಮನ್ಯಾಗ ಇಬ್ಬರೂ ಕೂಡಿ ಹೋಳಿಗಿ ಮಾಡಿದ್ರು, ಒಂದ ಪಂಕ್ತಿಯಾಗ ಕುಂತು ಉಂಡ್ವಿ.

ಊಟ ಆದ ಮ್ಯಾಲೆ ಸಾಹೇಬ್ರು ನನ್ನ ಹೆಸರ ಎಲ್ಲಿ ಅಂತ ಕೇಳಿದ್ರು. ನಕಲಿಗೆ ಹೆಸರ ಹಾಕೂ ಪದ್ಧತಿ ಇಲ್ಲರಿ ಅಂದೆ. "ಮೂಲ ಬರದವನಿಗೂ ಆ ಆಳು ನಿನ್ನಷ್ಟು ಗೊತ್ತಿರಲಿಕ್ಕಿಲ್ಲ. ಬರದವನ ಹೆಸರಿಲ್ಲದ ಚಿತ್ರ ನನ್ನ ಗ್ವಾಡಿ ಮ್ಯಾಲೆ ಬ್ಯಾಡ" ಅಂತ ಹಟ ಹಿಡದ್ರು. ಮೇಡಮ್ಮರನ್ನ ನೋಡಿದೆ. ಅವರು ನಕ್ಕು ತಮ್ಮ ಪರ್ಸಿನ್ಯಾಗಿನ ಪೆನ್ನು ಕೊಟ್ರು. ಚಿತ್ರ ಇಳಿಸಿ ಬೆನ್ನಿಗೆ ಬರದೆ: ಯಲ್ಲೇಶ ಗಂಗಪ್ಪ, ಕುಬಿಹಾಳ. ಗಾಳಿ ಹೇಳಿದಾಕಿ ರೇಣುಕವ್ವ. ಬೋರ್ಡಿನ ಮ್ಯಾಲೆ ಸಾವಿರ ಮಂದಿ ಹೆಸರ ಬರದೇನಿ. ನಂದು ಬರಿಯೋ ಮುಂದ 'ಲ್ಲೇ' ವಾರಿ ಆತು.

ಬಸ್ಸಿನ್ಯಾಗ ತಿರುಗಿ ಬರೂ ಮುಂದ ನಿನ್ನ ನೆನಿಸಿದೆ. ಪೂಲಿನ ಕಟ್ಟಿ ಮ್ಯಾಲೆ ನೀ ಶನಿವಾರ ಬಂದು ಕುಂದ್ರದ ಇದ್ದಿದ್ರ ನಾ ಆ ಮನಿಯ ಗ್ವಾಡಿಗೆ ಸುಣ್ಣ ಹಚ್ಚಾಕಷ್ಟ ಹೋಗಿರತಿದ್ದೆ. ಎಷ್ಟು ಮಂದಿ ಕೂಡಿ ನನ್ನನ್ನ ಇಲ್ಲೀತನಕ ತಂದಾರ ಅಂತ ಎಣಿಸಿದೆ, ಮೊದಲನೇ ಹೆಸರ ನಿಂದ ಬಂತು. ನೀ ನಿವೃತ್ತಿ ಆಗೂ ಮೊದಲ ಒಮ್ಮೆ ನಿನ್ನ ಸಾಲಿ ಹುಡುಗರಿಗೆ ಗೆರಿ ಎಳಿಯೋದು ತೋರಸಾಕ ಬರತೀನಿ. ಕರಿ. ನಿನ್ನ ಮಗಳು ರೋಹಿಣಿಗೂ ಅಕಿ ಕೂಸಿಗೂ ಅವ್ವ ಕೈ ತುಂಬಾ ಆಶೀರ್ವಾದ ಕಳಿಸ್ಯಾಳ. ಕೂಸಿನ ಕಿವಿಗೆ ತಂಡಿಗಾಳಿ ತಾಕದಂಗ ಕುಲಾಯಿ ಕಟ್ಟಾಕ ಹೇಳು ಅಂದಾಳ. ನಿಮ್ಮೆಲ್ಲರ ಮನಿ ತಣ್ಣಗಿರಲಿ, ನಿನ್ನ ಕಣ್ಣು ಕಡೀತನಕ ಚೊಕ್ಕ ಇರಲಿ.

ನಿನ್ನ
ಯಲ್ಲೇಶ

ತಾ.ಕ. ಪತ್ರ ಮಡಚಿ ಇಟ್ಟಿದ್ದೆ, ತಿರುಗಿ ತಗದೇನಿ. ಹೋದ ದೀಪಾವಳಿಗೆ ಫೋನಿನ್ಯಾಗ ನೀ ಕೇಳಿದ್ದಿ, ನಿಮ್ಮ ಅಪ್ಪ ಕುಬೇರಪ್ಪ ಕಾಕಾ ಅವರ ಚಿತ್ರ ಯಾರು ಬರದಾರ, ಮುಸರತ್ ಹೆಸರ ಹೇಳವಲ್ಲಳು ಅಂತ. ಅದು ಅಂಥ ಜೀವಂತ ಬಂದೈತಿ, ನಿಮ್ಮ ಅಣ್ಣ ಆ ಕಲಾವಿದನ್ನ ಮನಿಗೆ ಕರಸಿ ಶಾಲು ಹೊದಿಸಬೇಕಂತಾನ ಅಂದಿ. ನಾ ಗೊತ್ತಿಲ್ಲ ಅಂದೆ. ಸುಳ್ಳು ಹೇಳಿದೆ. ನಿಮ್ಮ ಅಣ್ಣ ಮುಸರತ್‌ಗೆ ಕೊಟ್ಟ ಸಣ್ಣ ಫೋಟೋ ಅಕಿ ನನಗ ಕೊಟ್ಟಿದ್ಲು. ಬರದವ ನಾನು. ಹೆಸರ ಹೇಳಬ್ಯಾಡ ಅಂತ ಅಕಿ ಕೈ ಹಿಡಕೊಂಡವನೂ ನಾನು. ಎಡಗಿವಿ ಕೆಳಗಿನ ಮಚ್ಚಿ ಫೋಟೋದಾಗ ಇರಲಿಲ್ಲ, ಚಿತ್ರದಾಗ ಹೆಂಗ ಬಂತು ಅಂತ ನೀ ಬೆರಗಾಗಿದ್ದಿಯಲ್ಲ, ಬಂದಿದ್ದು ಅದಕ್ಕ.

ಕಾಕಾ ತೀರಿಕೊಂಡ ದಿನ ನಾನೂ ಅವ್ವನೂ ಬಂದಿದ್ವಿ. ನಮ್ಮ ಓಣಿ ಮಂದಿ ನಿಲ್ಲೂ ಜಾಗಾದಾಗ, ಕಂಪೌಂಡಿನ ಹೊರಗ ನಿಂತಿದ್ವಿ. ಹೊತ್ತೇರೂ ತನಕ ನಿಂತ್ವಿ. ನೀ ಬಾಗಲಕ್ಕ ಬಂದಿ. ನನ್ನ ನೋಡಿದಿ. ನೋಡಿ ತಲಿ ತಗ್ಗಿಸಿ ಒಳಗ ಹೋದಿ. ಒಂದು ಸಲ "ಬಾರೋ ಯಲ್ಯಾ" ಅಂದಿದ್ರ ಸಾಕಿತ್ತು ಗೌರೀಶ, ನಾ ಒಳಗ ಬರದಿದ್ರೂ ನಡೀತಿತ್ತು. ಸಿಟ್ಟಿಲ್ಲ. ನಿನ್ನ ಉಪಕಾರದಾಗ ಒಂದು ಎಳಿನೂ ಕಡಿಮಿ ಆಗಿಲ್ಲ. ಆದ್ರ ಅದು ಹೋಗಿಲ್ಲ, ಒಳಗ ಐತಿ.

ಅಣ್ಣಗ ಹೇಳೂದು ಬಿಡೂದು ನಿನಗ ಬಿಟ್ಟೇನಿ. ಗೊತ್ತಾದ ಮ್ಯಾಲೆ ಆ ಚಿತ್ರ ನಿಮ್ಮ ದೇವರ ಖೋಲಿಯಿಂದ ಇಳಿಯೂ ಹಂಗಿದ್ರ, ಎಲ್ಲೂ ಒಗೀಬ್ಯಾಡ್ರಿ, ನನಗ ಕಳಿಸು. ನಮ್ಮ ಅಪ್ಪ ನಿಮ್ಮ ಮನ್ಯಾಗ ಆಳಾಗಿದ್ದಾಗ ಎಂಟು ವರ್ಷ ಚಕ್ಕಡ್ಯಾಗ ಕಾಕಾನ ಬೆನ್ನ ಹಿಂದ ಕುಂತು, ಆ ಮಚ್ಚಿ ನೋಡಕೋತ ಹೊಲಕ್ಕ ಹೋಗೇನಿ. ಅವರ ಎದುರ ಕುಂತು ಮಾರಿ ನೋಡಿದ್ದು ಆ ಚಿತ್ರ ಬರಿಯೋ ಮುಂದ ಮಾತ್ರ.